ಪಕ್ಕದವರು ತಲೆದೂಗಿದ್ದು ಯಾಕೆ? ಶಾಸ್ತ್ರೀಯ ಸಂಗೀತವನ್ನು ಮೊದಲ ಸಲ ಕೇಳುವವರಿಗೆ

ರಾಮನವಮಿಯ ಹೊತ್ತಿಗೆ ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನವೆಂದರೆ ಸಂಗೀತ. ಶ್ರೀ ರಾಮಸೇವಾ ಮಂಡಳಿಯ ಈ ಉತ್ಸವ ಶುರುವಾದದ್ದು 1939ರಲ್ಲಿ. ಗೆಳೆಯರು ಪಾಸ್ ಕೊಟ್ಟರೆಂದೋ, ಮಗಳು ಸಂಗೀತ ತರಗತಿಗೆ ಸೇರಿದಳೆಂದೋ ಅಂಥ ಕಡೆ ಮೊದಲ ಸಲ ಹೋಗಿ ಕೂತವರ ಪಾಡು ಹೆಚ್ಚುಕಡಿಮೆ ಒಂದೇ. ಗಾಯಕರು ಕಣ್ಣು ಮುಚ್ಚಿ ಒಂದೇ ಸಾಲನ್ನು ಹತ್ತು ಸಲ ಹಾಡುತ್ತಾರೆ. ಮುಂದೆ ಕೂತ ಹಿರಿಯರೊಬ್ಬರು ತೊಡೆ ತಟ್ಟುತ್ತ ಬೆರಳು ಎಣಿಸುತ್ತಾರೆ. ಇದ್ದಕ್ಕಿದ್ದಂತೆ ಸುತ್ತಲಿನವರೆಲ್ಲ ಒಟ್ಟಿಗೆ ‘ಆಹಾ’ ಎಂದು ತಲೆದೂಗುತ್ತಾರೆ. ಅಲ್ಲಿ ಏನಾಯಿತೆಂದು ನಮಗೆ ಮಾತ್ರ ತಿಳಿಯುವುದಿಲ್ಲ.

ಅದನ್ನು ತಿಳಿಯಲು ಹಾಡಲು ಬರಬೇಕಿಲ್ಲ, ನೂರು ರಾಗಗಳ ಹೆಸರೂ ಬೇಕಿಲ್ಲ. ಶ್ರುತಿ, ರಾಗ, ತಾಳ ಎಂಬ ಮೂರು ಮಾತು ಏನು ಹೇಳುತ್ತವೆ ಎಂದು ಗೊತ್ತಾದರೆ ಸಾಕು. ದಕ್ಷಿಣದ ಕರ್ನಾಟಕ ಸಂಗೀತವಿರಲಿ, ಉತ್ತರದ ಹಿಂದುಸ್ತಾನಿಯಿರಲಿ, ಎರಡೂ ನಿಂತಿರುವುದು ಈ ಮೂರರ ಮೇಲೆಯೇ.

ಮೊದಲು ತಂಬೂರಿ

ವೇದಿಕೆಯ ಹಿಂಬದಿಯಲ್ಲಿ ತಂಬೂರಿ ಹಿಡಿದು ಕೂತವರತ್ತ ಯಾರೂ ಹೆಚ್ಚು ನೋಡುವುದಿಲ್ಲ. ಆದರೆ ಕಛೇರಿಯ ಪಾಯ ಇರುವುದು ಅಲ್ಲಿ. ನಾಲ್ಕು ತಂತಿಗಳು: ಸಾಮಾನ್ಯವಾಗಿ ಒಂದು ಪಂಚಮಕ್ಕೆ (‘ಪ’), ಎರಡು ಷಡ್ಜಕ್ಕೆ, ಕೊನೆಯದು ಕೆಳಗಿನ ಸ್ಥಾಯಿಯ ಷಡ್ಜಕ್ಕೆ. ತಂತಿಗಳನ್ನು ಹೊತ್ತ ಪಟ್ಟಿಗೆ ಕುದುರೆ ಎನ್ನುತ್ತಾರೆ. ಅದರ ಮೇಲೆ ತಂತಿಯಡಿ ಸಣ್ಣ ನೂಲೆಳೆ ಇಟ್ಟಿರುತ್ತಾರೆ. ತಂಬೂರಿ ‘ಝುಂ’ ಎಂದು ಗುಂಯ್‌ಗುಡುವುದು ಅದರಿಂದ. ಆ ಎಳೆಗೆ ಹೆಸರೇ ‘ಜೀವ’.

ಷಡ್ಜ ಅಂದರೆ ‘ಸ’. ಇದು ಎಲ್ಲರಿಗೂ ಒಂದೇ ಎಂದು ನಿಗದಿಯಾದ ನಾದವಲ್ಲ. ಹಾಡುವವರು ತಮ್ಮ ಕಂಠಕ್ಕೆ ಒಗ್ಗುವ ಎತ್ತರದಲ್ಲಿ ಅದನ್ನು ನೆಟ್ಟುಕೊಳ್ಳುತ್ತಾರೆ. ‘ಅವರದು ಒಂದು ಮನೆ ಶ್ರುತಿ, ಇವರದು ಐದು ಮನೆ’ ಎಂದು ಸಂಗೀತಗಾರರು ಮಾತಾಡಿಕೊಳ್ಳುವುದು ಈ ಎತ್ತರದ ಬಗ್ಗೆ. ಶ್ರುತಿಯೆಂದರೆ ಆ ಎತ್ತರ, ಮನೆಯೆಂದರೆ ಹಾರ್ಮೋನಿಯಂನ ಕೀಲಿ. ಬೆಟ್ಟದ ಎತ್ತರ ಅಳೆಯಲು ಸಮುದ್ರಮಟ್ಟ ಬೇಕಲ್ಲ, ಹಾಗೆ. ಒಮ್ಮೆ ‘ಸ’ ನೆಟ್ಟಮೇಲೆ ಉಳಿದ ಸ್ವರಗಳಿಗೆಲ್ಲ ಅರ್ಥ ಬರುವುದು ಅವು ಅದರಿಂದ ಎಷ್ಟು ದೂರದಲ್ಲಿವೆ ಎಂಬುದರಿಂದ. ಗಾಯಕರು ಎಲ್ಲೆಲ್ಲೋ ಸುತ್ತಾಡಿ ಬಂದು ‘ಸ’ದ ಮೇಲೆ ನಿಂತಾಗ ತಂಬೂರಿಯೂ ಕಂಠವೂ ಒಂದಾಗುತ್ತವೆ. ಸಭೆಯ ಮೊದಲ ‘ಆಹಾ’ ಬಹಳ ಸಲ ಹುಟ್ಟುವುದು ಇಲ್ಲಿ.

ಏಳು ಸ್ವರ, ಹನ್ನೆರಡು ಮೆಟ್ಟಿಲು

ಸ, ರಿ, ಗ, ಮ, ಪ, ಧ, ನಿ ಎಲ್ಲರಿಗೂ ಗೊತ್ತು. ಕೆಳಗಿನ ‘ಸ’ದಿಂದ ಮೇಲಿನ ‘ಸ’ದವರೆಗೆ ಇರುವ ಮೆಟ್ಟಿಲುಗಳು ಮಾತ್ರ ಹನ್ನೆರಡು. ‘ಸ’ ಮತ್ತು ‘ಪ’ ಅಲುಗುವುದಿಲ್ಲ. ‘ಮ’ಗೆ ಎರಡು ಮೆಟ್ಟಿಲು. ‘ಸ’ ಮತ್ತು ‘ಮ’ ನಡುವೆ ನಾಲ್ಕು ಮೆಟ್ಟಿಲುಗಳಿದ್ದು, ಅವುಗಳಲ್ಲಿ ಎರಡನ್ನು ‘ರಿ’ ಮತ್ತು ‘ಗ’ಗಳಿಗೆ ಆರಿಸಿಕೊಳ್ಳಬೇಕು. ಹಾಗೆ ಆರಿಸಲು 6 ದಾರಿಗಳಿವೆ. ‘ಪ’ದ ಆಚೆ ‘ಧ’ ಮತ್ತು ‘ನಿ’ಗಳಿಗೂ ಅದೇ ಲೆಕ್ಕ, 6. ಆರಾರ್ಲೆ 36, ‘ಮ’ದ ಎರಡು ಬಗೆ ಸೇರಿದರೆ 72.

ಕರ್ನಾಟಕ ಸಂಗೀತದ 72 ಮೇಳಗಳ, ಅಂದರೆ ಏಳು ಸ್ವರಗಳ ಜೋಡಣೆಗಳ, ಗುಟ್ಟು ಇಷ್ಟೇ. 17ನೇ ಶತಮಾನದಲ್ಲಿ ತಂಜಾವೂರಿನ ಆಸ್ಥಾನದಲ್ಲಿದ್ದ ವೆಂಕಟಮಖಿ ಈ ಲೆಕ್ಕ ಹಾಕಿದಾಗ ಬಳಕೆಯಲ್ಲಿದ್ದವು 19 ಮಾತ್ರ. ಉಳಿದವುಗಳಲ್ಲಿ ಯಾರೂ ಹಾಡಿರಲಿಲ್ಲ. ಖಾಲಿ ನಿವೇಶನಗಳಿಗೆ ಮೊದಲೇ ನಂಬರು ಹಾಕಿಟ್ಟಂತೆ. ಮುಂದೆ ಹಾಡು ಕಟ್ಟಿದ ವಾಗ್ಗೇಯಕಾರರು ಒಂದೊಂದಾಗಿ ಅಲ್ಲಿ ಮನೆ ಕಟ್ಟಿದರು. ಹಿಂದುಸ್ತಾನಿಯಲ್ಲಿ ವಿಷ್ಣು ನಾರಾಯಣ ಭಾತಖಂಡೆ (1860–1936) ಊರೂರು ಸುತ್ತಿ, ಉಸ್ತಾದರು ಹಾಡುತ್ತಿದ್ದುದನ್ನು ಕೇಳಿ ಬರೆದುಕೊಂಡು, ರಾಗಗಳನ್ನು 10 ಥಾಟ್‌ಗಳಲ್ಲಿ, ಅಂದರೆ ಸ್ವರಗುಂಪುಗಳಲ್ಲಿ, ವಿಂಗಡಿಸಿದರು. ಒಬ್ಬರು ಗಣಿತದಿಂದ ಹೊರಟರು, ಇನ್ನೊಬ್ಬರು ಬಳಕೆಯಿಂದ.

ಮಕ್ಕಳ ಪಾಠದಲ್ಲೂ ವ್ಯತ್ಯಾಸವಿದೆ. ಕರ್ನಾಟಕ ಸಂಗೀತದ ಮೊದಲ ಪಾಠವಾದ ಸರಳಿ ವರಸೆ ಶುರುವಾಗುವುದು ಮಾಯಾಮಾಳವಗೌಳ ರಾಗದಲ್ಲಿ. ಈ ಕ್ರಮ ಹಾಕಿಕೊಟ್ಟವರು ಪುರಂದರದಾಸರು ಎಂಬುದು ಪರಂಪರೆಯ ನಂಬಿಕೆ, ಅವರನ್ನು ಸಂಗೀತ ಪಿತಾಮಹರೆನ್ನುವುದೂ ಅದಕ್ಕೇ. ಹಿಂದುಸ್ತಾನಿಯ ಮಕ್ಕಳು ಹೆಚ್ಚಾಗಿ ಬಿಲಾವಲ್ ರಾಗದಿಂದ ಹೊರಡುತ್ತಾರೆ. ನಮ್ಮ ಶಂಕರಾಭರಣದ ಸ್ವರಗಳೇ ಅವು.

ರಾಗವೆಂದರೆ ನಡಿಗೆ

ಬೀದಿಯ ಆ ತುದಿಯಲ್ಲಿ ಬರುತ್ತಿರುವವರ ಮುಖ ಕಾಣದಿದ್ದರೂ ಪರಿಚಿತರಾದರೆ ನಡಿಗೆಯಲ್ಲೇ ಗುರುತು ಹತ್ತುತ್ತದೆ. ರಾಗವನ್ನು ಗುರುತಿಸುವುದೂ ಹಾಗೆಯೇ. ಯಾವ ಸ್ವರಗಳಿವೆ ಎಂಬುದು ಮೈಕಟ್ಟು. ಎಲ್ಲಿ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ, ಯಾವುದನ್ನು ಮುಟ್ಟಿಯೂ ಮುಟ್ಟದ ಹಾಗೆ ದಾಟುತ್ತದೆ ಎಂಬುದು ನಡಿಗೆ.

ಹಿಂದುಸ್ತಾನಿಯ ಭೂಪಾಲಿ ಮತ್ತು ದೇಶಕಾರ್ ರಾಗಗಳನ್ನು ನೋಡಿ. ಎರಡಕ್ಕೂ ಅದೇ ಐದು ಸ್ವರಗಳು: ಸ, ರಿ, ಗ, ಪ, ಧ. ಭೂಪಾಲಿ ‘ಗ’ದ ಮೇಲೆ ಒರಗಿ, ಕೆಳಗಿನ ಅರ್ಧದಲ್ಲಿ ನಿಧಾನವಾಗಿ ಸುಳಿದಾಡುತ್ತದೆ. ಅದು ಸಂಜೆಯ ರಾಗ. ದೇಶಕಾರ್ ‘ಧ’ದ ಮೇಲೆ ನಿಂತು ಮೇಲಿನ ಅರ್ಧದಲ್ಲೇ ಮಿನುಗುತ್ತದೆ. ಅದು ಬೆಳಗಿನದು. ಭೂಪಾಲಿ ಹಾಡುತ್ತ ‘ಧ’ದ ಮೇಲೆ ನಾಲ್ಕು ಗಳಿಗೆ ಹೆಚ್ಚು ನಿಂತರೆ ಬಲ್ಲವರ ಹುಬ್ಬು ಮೇಲೇರುತ್ತದೆ. ಇದೇ ಐದು ಸ್ವರಗಳು ಕರ್ನಾಟಕ ಸಂಗೀತದಲ್ಲಿ ಮೋಹನ ರಾಗವಾಗುತ್ತವೆ. ಅಲ್ಲಿ ಸ್ವರವನ್ನು ಓಲಾಡಿಸುವ ಬಗೆಯೇ ಬೇರೆ.

ಆ ಓಲಾಟಕ್ಕೆ ಗಮಕ ಎಂದು ಹೆಸರು. ಕರ್ನಾಟಕ ಸಂಗೀತದಲ್ಲಿ ಎಷ್ಟೋ ಸ್ವರಗಳು ನೆಟ್ಟಗೆ ನಿಲ್ಲುವುದೇ ಇಲ್ಲ, ಅಕ್ಕಪಕ್ಕದ ಸ್ವರಗಳನ್ನು ಸವರುತ್ತ ಅಲುಗುತ್ತವೆ. ಹಿಂದುಸ್ತಾನಿಯಲ್ಲಿ ಒಂದು ಸ್ವರವನ್ನು ದೀರ್ಘವಾಗಿ ಹಿಡಿದು ನಿಲ್ಲಿಸುವುದು, ಒಂದರಿಂದ ಇನ್ನೊಂದಕ್ಕೆ ಉದ್ದಕ್ಕೆ ಜಾರುವುದು ಹೆಚ್ಚು. ಆ ಜಾರುವಿಕೆಗೆ ಮೀಂಡ್ ಎನ್ನುತ್ತಾರೆ. ಹಾರ್ಮೋನಿಯಂನ ಮನೆಗಳಿಂದ ಇವೆರಡೂ ಬರುವುದಿಲ್ಲ. 1940ರಿಂದ ಸುಮಾರು ಮೂರು ದಶಕ ಆಕಾಶವಾಣಿ ಹಾರ್ಮೋನಿಯಂ ಅನ್ನು ದೂರ ಇಟ್ಟಿದ್ದಕ್ಕೆ ಕೊಟ್ಟ ವಾದಗಳಲ್ಲಿ ಇದೂ ಒಂದು. ಇಂದು ಹಿಂದುಸ್ತಾನಿ ಗಾಯಕರ ಪಕ್ಕದಲ್ಲಿ ಅದಿಲ್ಲದ ಕಛೇರಿ ಅಪರೂಪ.

ಹೆಸರುಗಳನ್ನು ನಂಬಿ ಹೊರಟರೆ ದಾರಿ ತಪ್ಪುವುದು ಖಂಡಿತ. ಕರ್ನಾಟಕ ಸಂಗೀತದ ತೋಡಿಯ ಸ್ವರಗಳು ಹೊಂದುವುದು ಹಿಂದುಸ್ತಾನಿಯ ಭೈರವಿಗೆ. ಹಿಂದುಸ್ತಾನಿಯ ತೋಡಿಗೆ ನಮ್ಮಲ್ಲಿ ಹತ್ತಿರದ್ದು ಶುಭಪಂತುವರಾಳಿ. ನಮ್ಮ ಹಿಂದೋಳ ಅವರ ಮಾಲಕೌಂಸ್. ಅವರ ಹಿಂದೋಲ್ ಮತ್ತೇನೋ. ಮದುವೆ ಮನೆಯಲ್ಲಿ ಒಂದೇ ಹೆಸರಿನ ನಾಲ್ಕು ಜನ ಸಿಕ್ಕಂತೆ.

ತಾಳ: ಎಲ್ಲರೂ ಕಾಯುವ ಜಾಗ

ಆ ಹಿರಿಯರ ಬೆರಳೆಣಿಕೆಗೆ ಬರೋಣ. ಅವರು ಹಾಕುತ್ತಿದ್ದದ್ದು ಬಹುಶಃ ಆದಿತಾಳ. ಒಂದು ತಟ್ಟು, ಆಮೇಲೆ ಕಿರುಬೆರಳು, ಉಂಗುರಬೆರಳು, ನಡುಬೆರಳು. ನಾಲ್ಕಾಯಿತು. ಮತ್ತೆ ತಟ್ಟು, ತಿರುವು, ತಟ್ಟು, ತಿರುವು. ಒಟ್ಟು 8. ಈ ಸುತ್ತಿಗೆ ಆವರ್ತನ ಎಂದು ಹೆಸರು. ಸುತ್ತು ಮುಗಿದ ಕೂಡಲೇ ಇನ್ನೊಂದು ಸುತ್ತು. ಗಡಿಯಾರದ ಮುಳ್ಳು ಎಷ್ಟೇ ಸುತ್ತಿದರೂ 12ಕ್ಕೆ ಬರುವಂತೆ ತಾಳವೂ ಮೊದಲ ಪೆಟ್ಟಿಗೇ ಮರಳುತ್ತದೆ. ಆ ಪೆಟ್ಟು ‘ಸಮ’. ಹಿಂದುಸ್ತಾನಿಯವರ ಬಾಯಲ್ಲಿ ‘ಸಮ್’.

ಹಿಂದುಸ್ತಾನಿಯಲ್ಲಿ ಎಣಿಕೆ ಕೇಳುಗರ ಕೈಯಲ್ಲಿಲ್ಲ, ತಬಲಾದಲ್ಲಿದೆ. ತೀನ್‌ತಾಳಕ್ಕೆ 16 ಮಾತ್ರೆ (ಎಣಿಕೆ), ಏಕತಾಳಕ್ಕೆ 12, ಝಪ್‌ತಾಳಕ್ಕೆ 10. ಪ್ರತಿ ತಾಳಕ್ಕೂ ನಿಗದಿಯಾದ ಬೋಲ್‌ಗಳ, ಅಂದರೆ ಪೆಟ್ಟುಗಳ ಅಕ್ಷರಗಳ, ಸಾಲಿದ್ದು ಅದನ್ನು ಠೇಕಾ ಎನ್ನುತ್ತಾರೆ. ತಬಲಾದವರು ಅದನ್ನು ನುಡಿಸುತ್ತಲೇ ಇರುತ್ತಾರೆ. ಸುತ್ತಿನಲ್ಲಿ ಎಲ್ಲಿದ್ದೇವೆ ಎಂದು ಗೊತ್ತಾಗುವುದು ಅದರಿಂದ.

ಕಲಾವಿದರು ತಾಳದ ಮೇಲೆ ಸಾಲ ಮಾಡುತ್ತಾರೆ ಎನ್ನಬಹುದು. ಪೆಟ್ಟುಗಳನ್ನು ತಪ್ಪಿಸಿಕೊಂಡು, ಅಡ್ಡಾದಿಡ್ಡಿ ಓಡಾಡಿ, ‘ಇನ್ನು ಲೆಕ್ಕ ಕೂಡುವುದಿಲ್ಲ’ ಎನಿಸುವ ಹೊತ್ತಿಗೆ ಒಂದು ತುಣುಕನ್ನು ಮೂರು ಸಲ ಹೇಳಿ, ಮೂರನೆಯದರ ಕೊನೆಯ ಅಕ್ಷರವನ್ನು ಸರಿಯಾದ ಜಾಗದಲ್ಲಿ ತಂದಿಡುತ್ತಾರೆ. ಸಾಲ ಚುಕ್ತಾ. ಹಿಂದುಸ್ತಾನಿಯವರಿಗೆ ಅದು ತಿಹಾಯಿ, ಕರ್ನಾಟಕ ಸಂಗೀತದಲ್ಲಿ ಮುಕ್ತಾಯ. ಪಕ್ಕದವರು ಒಟ್ಟಿಗೆ ತಲೆದೂಗಿದ್ದು ಹೆಚ್ಚಾಗಿ ಈ ಕ್ಷಣಕ್ಕೆ. ಅವರೆಲ್ಲ ಒಳಗೊಳಗೇ ಲೆಕ್ಕ ಇಟ್ಟುಕೊಂಡು ಅದೇ ಜಾಗಕ್ಕಾಗಿ ಕಾಯುತ್ತಿದ್ದರು. ಒಂದು ಎಚ್ಚರ: ಕರ್ನಾಟಕ ಸಂಗೀತದ ಎಷ್ಟೋ ಕೃತಿಗಳು ಸಮದಲ್ಲಿ ಶುರುವಾಗದೆ ಅದು ದಾಟಿದ ಮೇಲೆ ಶುರುವಾಗುತ್ತವೆ. ಅಲ್ಲೆಲ್ಲ ಮರಳಿ ಬರಬೇಕಾದ್ದು ಸಾಹಿತ್ಯದ ಎತ್ತುಗಡೆಗೆ, ಅಂದರೆ ಅದು ಶುರುವಾಗುವ ಜಾಗಕ್ಕೆ.

ಎರಡಾದದ್ದು ಹೇಗೆ

13ನೇ ಶತಮಾನದಲ್ಲಿ ದೇವಗಿರಿಯ ಯಾದವರ ಆಸ್ಥಾನದಲ್ಲಿ ಶಾರ್ಙ್ಗದೇವ ಬರೆದ ‘ಸಂಗೀತ ರತ್ನಾಕರ’ವನ್ನು ಎರಡೂ ಪದ್ಧತಿಯವರು ತಮ್ಮದೆನ್ನುತ್ತಾರೆ. ಮುಂದೆ ಉತ್ತರದ ಸಂಗೀತ ಸುಲ್ತಾನರ, ಮೊಗಲರ ಆಸ್ಥಾನಗಳಲ್ಲಿ ಪರ್ಷಿಯನ್ ಸಂಸ್ಕೃತಿಯೊಡನೆ ಬೆರೆತು ಬೆಳೆಯಿತು. ದಕ್ಷಿಣದ್ದು ವಿಜಯನಗರ, ಆಮೇಲೆ ತಂಜಾವೂರು, ಮೈಸೂರು, ತಿರುವಾಂಕೂರುಗಳ ಆಸರೆಯಲ್ಲಿ ದೇವರನಾಮ, ಕೃತಿಗಳ ಸುತ್ತ ಕಟ್ಟಿಕೊಂಡಿತು. ಗೆರೆ ಎಳೆದಂತೆ ಒಂದು ದಿನ ಆದದ್ದಲ್ಲ.

‘ಕರ್ನಾಟಕ ಸಂಗೀತ’ ಎಂದರೆ ಕರ್ನಾಟಕ ರಾಜ್ಯದ ಸಂಗೀತವಲ್ಲ. ನಾಲ್ಕೂ ದಕ್ಷಿಣ ಭಾಷೆಗಳ ಸೀಮೆಗೆ ಸೇರಿದ್ದು ಅದು. ಅದರ ತ್ರಿಮೂರ್ತಿಗಳಾದ ಶ್ಯಾಮಾಶಾಸ್ತ್ರಿ (1762–1827), ತ್ಯಾಗರಾಜ (1767–1847), ಮುತ್ತುಸ್ವಾಮಿ ದೀಕ್ಷಿತ ಮೂವರೂ ಹುಟ್ಟಿದ್ದು ತಮಿಳುನಾಡಿನ ತಿರುವಾರೂರಿನಲ್ಲಿ. ತ್ಯಾಗರಾಜರು ಕಾವೇರಿ ದಡದ ತಿರುವಯ್ಯಾರಿನಲ್ಲಿ ಬಾಳಿ, ಬರೆದದ್ದು ಬಹುಪಾಲು ತೆಲುಗಿನಲ್ಲಿ. ದೀಕ್ಷಿತರು ಕೆಲಕಾಲ ಕಾಶಿಯಲ್ಲಿದ್ದು ಅಲ್ಲಿನ ರಾಗಗಳ ಛಾಯೆಯನ್ನು ತಮ್ಮ ಸಂಸ್ಕೃತ ಕೃತಿಗಳಿಗೆ ತಂದರು. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಕಲಿತದ್ದು ಯುರೋಪಿನವರ ಪಿಟೀಲು. ಇಂದು ಅದಿಲ್ಲದೆ ಕರ್ನಾಟಕ ಸಂಗೀತದ ಗಾಯನ ಕಛೇರಿಯೇ ಇಲ್ಲವೆನ್ನಬಹುದು. ನೆಲದಲ್ಲಿ ಕೂತು, ಪಿಟೀಲಿನ ತುದಿಯನ್ನು ಪಾದದ ಗಂಟಿಗೆ ಆನಿಸಿ ನುಡಿಸುವುದು ಮಾತ್ರ ಅಪ್ಪಟ ನಮ್ಮ ಭಂಗಿ.

ಕಟ್ಟಿದ ಮನೆ, ನೆಟ್ಟ ಗೂಟ

ಕರ್ನಾಟಕ ಸಂಗೀತದಲ್ಲಿ ಕೃತಿಯೆಂದರೆ ಕಟ್ಟಿ ಮುಗಿಸಿದ ಮನೆ. ಪಲ್ಲವಿ, ಅನುಪಲ್ಲವಿ, ಚರಣ ಎಂದು ಕೋಣೆಗಳಿವೆ. ಕಲಾವಿದರು ಮೊದಲು ಆಲಾಪನೆಯಲ್ಲಿ ಮನೆಯ ಸುತ್ತಲಿನ ತೋಟ ತೋರಿಸುತ್ತಾರೆ. ಆಗ ಸಾಹಿತ್ಯವೂ ಇಲ್ಲ, ತಾಳವೂ ಇಲ್ಲ. ಪಿಟೀಲಿನವರು ನೆರಳಿನಂತೆ ಒಂದು ಹೆಜ್ಜೆ ಹಿಂದೆ ಬಂದು, ಆಮೇಲೆ ತಮ್ಮ ಸರದಿಯಲ್ಲಿ ಅದೇ ರಾಗವನ್ನು ತಮ್ಮದಾಗಿ ನುಡಿಸುತ್ತಾರೆ. ಕೃತಿ ಹಾಡುವಾಗ ಒಂದು ಸಾಲನ್ನು ಹಿಡಿದು ಅದೇ ಮಾತುಗಳನ್ನು ಬೇರೆಬೇರೆ ಬಗೆಯಲ್ಲಿ ಹರಡುವುದು ನೆರವಲ್. ಸಾಹಿತ್ಯ ಬಿಟ್ಟು ‘ಸರಿಗಮ’ ಹೇಳುತ್ತ ಆಡುವುದು ಕಲ್ಪನಾಸ್ವರ. ಗಾಯಕರು ಒಂದೇ ಸಾಲನ್ನು ಹತ್ತು ಸಲ ಹಾಡಿದರೆಂದು ಅನಿಸಿತಲ್ಲ, ಅದು ನೆರವಲ್ ಇದ್ದೀತು. ಹತ್ತೂ ಸಲ ಬೇರೆಯಾಗಿಯೇ ಇತ್ತು. ಆಗಲೇ ಹುಟ್ಟುವ ಈ ಭಾಗಗಳನ್ನೆಲ್ಲ ಒಟ್ಟಾಗಿ ಮನೋಧರ್ಮ ಎನ್ನುತ್ತಾರೆ.

ವರ್ಣವೆಂಬ ರಚನೆಯಿಂದ ಶುರುಮಾಡಿ, ಚಿಕ್ಕಪುಟ್ಟ ಕೃತಿಗಳನ್ನು ದಾಟಿ, ಒಂದು ದೊಡ್ಡ ರಾಗವನ್ನು ವಿಸ್ತರಿಸಿ, ಕೊನೆಗೆ ದೇವರನಾಮ, ತಿಲ್ಲಾನಗಳಿಗೆ ಇಳಿಯುವ ಇಂದಿನ ಕಛೇರಿಯ ಅಚ್ಚನ್ನು ರೂಢಿಗೆ ತಂದ ಕೀರ್ತಿ ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ (1890–1967) ಅವರದು. ನಡುವೆ ಮೃದಂಗ, ಘಟದವರಿಗೆಂದೇ ಇರುವ ಹೊತ್ತು ತನಿ ಆವರ್ತನ. ಅರ್ಧ ಸಭೆ ಕಾಫಿಗೆ ಏಳುವ ಹೊತ್ತೂ ಅದೇ. ತಾಳ ಕಲಿಯಬೇಕೆನ್ನುವವರು ಏಳಬಾರದ ಹೊತ್ತು.

ಹಿಂದುಸ್ತಾನಿಯ ಮುಖ್ಯ ಗಾಯನಪ್ರಕಾರವಾದ ಖಯಾಲಿನಲ್ಲಿ ಬಂದಿಶ್, ಅಂದರೆ ಕಟ್ಟಿದ ಹಾಡು, ನಾಲ್ಕಾರು ಸಾಲಿನದು. ಸ್ಥಾಯಿ, ಅಂತರಾ ಎಂದು ಎರಡೇ ಭಾಗ. ಅದು ಮನೆಯಲ್ಲ, ಗೂಟ. ಹಗ್ಗದ ಉದ್ದ ಗಾಯಕರ ಶಕ್ತಿಗೆ ಬಿಟ್ಟದ್ದು. ಬಡಾ ಖಯಾಲ್‌ನಲ್ಲಿ ಲಯ ಎಷ್ಟು ನಿಧಾನವೆಂದರೆ ಒಂದೇ ಆವರ್ತನ ಒಂದು ನಿಮಿಷದಷ್ಟು ಹಿಡಿಯಬಹುದು. ಕೆಳಗಿನ ‘ಸ’ದಿಂದ ಹೊರಟು, ಒಂದೊಂದೇ ಸ್ವರವನ್ನು ಮುಟ್ಟಿ, ಮೇಲಿನ ‘ಸ’ ತಲುಪುವುದರೊಳಗೆ ಅರ್ಧ ಗಂಟೆಯೂ ಆದೀತು. ಅಷ್ಟು ಕಾಯಿಸಿ ಮೇಲಿನ ಷಡ್ಜ ಹಚ್ಚಿದಾಗ ಆಗುವ ಪುಲಕವೇ ಬೇರೆ. ಆಮೇಲೆ ಛೋಟಾ ಖಯಾಲ್, ಚುರುಕು ಲಯ, ತಾನು ಎಂಬ ಮಿಂಚಿನಂಥ ಸ್ವರಗಳ ಓಟ. ಹೀಗೆ ಒಂದೇ ರಾಗ ಒಂದು ಗಂಟೆ. ಕೊನೆಯಲ್ಲಿ ಠುಮ್ರಿಯಂಥ ಲಘು ಹಾಡೋ ಭಜನೆಯೋ. ಭೈರವಿ ಶುರುವಾಯಿತೆಂದರೆ ಮುಗಿಯುತ್ತ ಬಂತೆಂದು ಲೆಕ್ಕ.

ಧಾರವಾಡಕ್ಕೆ ಇದು ಹೇಗೆ ಬಂತು

ಉತ್ತರದ ಸಂಗೀತ ಕನ್ನಡ ನೆಲದಲ್ಲಿ ಬೇರೂರಿದ್ದಕ್ಕೆ ಒಂದು ಕಾರಣ ಭೂಪಟದಲ್ಲಿದೆ. ಧಾರವಾಡ, ಬೆಳಗಾವಿ ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಮರಾಠಿ ನಾಟಕ ಕಂಪನಿಗಳು ಇಲ್ಲಿ ಓಡಾಡುತ್ತಿದ್ದವು, ಆ ನಾಟಕಗಳ ತುಂಬ ರಾಗಸಂಗೀತ. ಇನ್ನೊಂದು ಕಾರಣ ಮೈಸೂರು ಅರಮನೆ. ಅರಸರು ಉತ್ತರದ ಉಸ್ತಾದರನ್ನೂ ಕರೆಸಿ ಗೌರವಿಸುತ್ತಿದ್ದರು. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನ್ (1872–1937) ನೆಲೆಸಿದ್ದು ಮೀರಜದಲ್ಲಿ, ಮೈಸೂರಿಗೆ ಹೋಗಿಬರುವ ದಾರಿಯಲ್ಲಿ ಧಾರವಾಡ. ಅವರು ಕರ್ನಾಟಕ ಸಂಗೀತವನ್ನೂ ಆಸೆಪಟ್ಟು ಕೇಳಿದವರು. ಖಯಾಲಿನಲ್ಲಿ ಸ್ವರಗಳ ಹೆಸರು ಹಿಡಿದು ಹಾಡುವ ಸರಗಮ್‌ಗೆ ಅವರು ಕೊಟ್ಟ ಜಾಗದಲ್ಲಿ ದಕ್ಷಿಣದ ಗುರುತು ಕಾಣುತ್ತದೆ.

ಘರಾಣೆ ಅಂದರೆ ಮನೆತನ. ಹಾಡಿಕೆಯ ಒಂದು ಬಗೆ ಗುರುವಿನಿಂದ ಶಿಷ್ಯರಿಗೆ ದಾಟುತ್ತ ಬಂದದ್ದು. ಕರೀಂ ಖಾನರ ಶಿಷ್ಯ ಕುಂದಗೋಳದ ರಾಮಚಂದ್ರ, ರಂಗದ ಮೇಲೆ ಸ್ತ್ರೀಪಾತ್ರ ಮಾಡಿ ಸವಾಯಿ ಗಂಧರ್ವರೆನಿಸಿದರು (1886–1952). ಗಂಗೂಬಾಯಿ ಹಾನಗಲ್ (1913–2009) ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಅವರಲ್ಲಿ ಪಾಠ ಹೇಳಿಸಿಕೊಂಡರು. ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಗಂಗೂಬಾಯಿಯವರ ದನಿ ಗಡುಸಾಯಿತು. ಆ ದನಿಯೇ ಅವರ ಗುರುತಾಯಿತು. ಗದಗಿನ ಹುಡುಗ ಭೀಮಸೇನ ಜೋಶಿ (1922–2011) ಹನ್ನೊಂದರ ವಯಸ್ಸಿನಲ್ಲಿ ಗುರುವನ್ನು ಹುಡುಕುತ್ತ ಮನೆಬಿಟ್ಟು, ಗ್ವಾಲಿಯರ್‌ವರೆಗೂ ಅಲೆದು, ಕೊನೆಗೆ ಅದೇ ಕುಂದಗೋಳಕ್ಕೆ ಬಂದು ನಿಂತರು. ಅಷ್ಟು ಹತ್ತಿರ ಇದ್ದದ್ದಕ್ಕೆ ಅಷ್ಟು ದೂರ ಹೋಗಿದ್ದರು.

ಧಾರವಾಡದ ಬಳಿಯ ಮನಸೂರಿನ ಮಲ್ಲಿಕಾರ್ಜುನ (1910–1992) ಮೊದಲು ಕಲಿತದ್ದು ಗ್ವಾಲಿಯರ್ ಬಗೆ. ಆಮೇಲೆ ಜೈಪುರ-ಅತ್ರೌಲಿ ಘರಾಣೆಯ ಮಂಜಿಖಾನ್, ಭುರ್ಜಿಖಾನ್ ಅವರಲ್ಲಿ ಕಲಿತು, ಬೇರೆಯವರು ಮುಟ್ಟಲು ಹಿಂಜರಿಯುವ ಜೋಡುರಾಗಗಳನ್ನು ಉಸಿರಾಡಿದಷ್ಟು ಸಲೀಸಾಗಿ ಹಾಡಿದರು. ಬೆಳಗಾವಿ ಸೀಮೆಯ ಸೂಳೇಭಾವಿಯ ಶಿವಪುತ್ರ ಕೋಂಕಾಳಿಮಠ, ಅಂದರೆ ಕುಮಾರ ಗಂಧರ್ವ (1924–1992), ಕ್ಷಯಕ್ಕೆ ತುತ್ತಾಗಿ ಮಧ್ಯಪ್ರದೇಶದ ದೇವಾಸ್‌ನಲ್ಲಿ ಹಾಡಿಲ್ಲದೆ ವರ್ಷಗಳನ್ನು ಕಳೆದರು. ಒಂದು ಶ್ವಾಸಕೋಶವನ್ನೇ ನೆಚ್ಚಿ ಮತ್ತೆ ಹಾಡಿದಾಗ ಅವರು ಯಾವ ಘರಾಣೆಗೂ ಕಟ್ಟುಬಿದ್ದವರಾಗಿರಲಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಮಕ್ಕಳಿಗೆ ಎರಡೂ ಪದ್ಧತಿಗಳನ್ನು ಕಲಿಸಿದರು. ಗುರುಗಳಿಬ್ಬರಿಗೂ ಕಣ್ಣಿರಲಿಲ್ಲ.

ಮೈಸೂರಿನ ಕಡೆ

ಮೈಸೂರಿನ ಹೆಮ್ಮೆ ವೀಣೆ. ವೀಣೆ ಶೇಷಣ್ಣ (1852–1926), ಅವರ ಶಿಷ್ಯ ವೆಂಕಟಗಿರಿಯಪ್ಪ, ಇವರ ಶಿಷ್ಯ ದೊರೆಸ್ವಾಮಿ ಅಯ್ಯಂಗಾರ್ (1920–1997) ಎಂದು ಮೂರು ತಲೆಮಾರು ಸಾಗಿ ಬಂದ ನುಡಿಸಾಣಿಕೆಗೆ ಮೈಸೂರು ಬಾನಿ ಎಂದು ಹೆಸರು. ಮೈಸೂರು ವಾಸುದೇವಾಚಾರ್ಯರು (1865–1961) ಕಟ್ಟಿದ ಖಮಾಚ್ ರಾಗದ ‘ಬ್ರೋಚೇವಾರೆವರುರಾ’ ಕೇಳದ ಕರ್ನಾಟಕ ಸಂಗೀತಪ್ರಿಯರಿಲ್ಲ. ಜಯಚಾಮರಾಜ ಒಡೆಯರು ರಚಿಸಿದ ಕೃತಿಗಳು 94.

ಪಿಟೀಲು ಟಿ. ಚೌಡಯ್ಯ (1895–1967) ಅವರ ಕಥೆ ಬೇರೆ. ಮೈಕು ಇನ್ನೂ ಎಲ್ಲೆಡೆ ಬಂದಿರದ ಕಾಲದಲ್ಲಿ ಪಿಟೀಲಿನ ದನಿ ಸಭೆಯ ಕೊನೆಗೆ ಮುಟ್ಟುತ್ತಿರಲಿಲ್ಲ. ನಾಲ್ಕು ತಂತಿಯ ವಾದ್ಯಕ್ಕೆ ಅವರು ಏಳು ತಂತಿ ಬಿಗಿದರು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿರುವ ಸಭಾಂಗಣ ಅವರ ಹೆಸರಿನದು. ಕರಾವಳಿಯ ಕದ್ರಿ ಗೋಪಾಲನಾಥ್ (1949–2019) ಬ್ಯಾಂಡಿನ ಸ್ಯಾಕ್ಸೊಫೋನಿನಲ್ಲಿ ಗಮಕ ತೆಗೆದರು. ಹಾರ್ಮೋನಿಯಂ ಬಗ್ಗೆ ಮೇಲೆ ಹೇಳಿದ್ದನ್ನು ನೆನೆದರೆ ಇದೆಷ್ಟು ಕಷ್ಟದ ಕೆಲಸ ಎಂದು ಅಂದಾಜಾಗುತ್ತದೆ.

ಇಬ್ಬರೂ ಒಂದೇ ವೇದಿಕೆಗೆ ಬಂದಾಗ

ಕೇಳುವುದನ್ನು ಎಲ್ಲಿಂದ ಶುರುಮಾಡಬೇಕೆಂದು ಕೇಳಿದರೆ ನನ್ನ ಸಲಹೆ ಇಷ್ಟು: ಒಂದೇ ರಾಗ ಹಿಡಿಯಿರಿ. ಮೋಹನ ಒಳ್ಳೆಯದು. ಒಂದು ವಾರ ಅದನ್ನೇ ಎಂ. ಎಸ್. ಸುಬ್ಬುಲಕ್ಷ್ಮಿ, ಆರ್. ಕೆ. ಶ್ರೀಕಂಠನ್ ಹೀಗೆ ಬೇರೆಬೇರೆಯವರ ಕಂಠದಲ್ಲಿ ಹುಡುಕಿ ಕೇಳಿ. ಮರುವಾರ ಭೂಪಾಲಿ. ಹೆಸರು ನೋಡದೆಯೇ ಗುರುತು ಹತ್ತುವ ದಿನ ಬಂದೇ ಬರುತ್ತದೆ.

ಅದಾದ ಮೇಲೆ ಎರಡೂ ಪದ್ಧತಿಯವರು ಒಟ್ಟಿಗೆ ಹಾಡುವ ಜುಗಲ್‌ಬಂದಿ ಕೇಳಬಹುದು. ಭೀಮಸೇನ ಜೋಶಿ ಮತ್ತು ಕರ್ನಾಟಕ ಸಂಗೀತದ ಎಂ. ಬಾಲಮುರಳಿಕೃಷ್ಣ (1930–2016) ಒಟ್ಟಿಗೆ ಹಾಡಿದ್ದುಂಟು. ಇಂಥ ಕಛೇರಿಗೆ ಎರಡೂ ಕಡೆ ಸ್ವರ ಹೊಂದುವ ರಾಗ ಬೇಕು. ಹಾಗಾಗಿ ಯಮನ್-ಕಲ್ಯಾಣಿ, ಮಾಲಕೌಂಸ್-ಹಿಂದೋಳಗಳಂಥ ಜೋಡಿಗಳೇ ಮತ್ತೆಮತ್ತೆ ಬರುತ್ತವೆ. ಒಬ್ಬರು ಸ್ವರವನ್ನು ನಿಲ್ಲಿಸಿ ತೋರಿಸಿದರೆ ಇನ್ನೊಬ್ಬರು ಅದನ್ನೇ ಅಲುಗಿಸಿ ತೋರಿಸುತ್ತಾರೆ. ಮೃದಂಗ ಒಂದು ಕಡೆ, ತಬಲಾ ಒಂದು ಕಡೆ. ಇಷ್ಟೆಲ್ಲ ಶುರುವಾಗುವ ಮುಂಚೆ ಒಂದು ವಿಷಯ ಇತ್ಯರ್ಥವಾಗಬೇಕು. ಇಬ್ಬರ ಕಂಠದ ಎತ್ತರ ಒಂದೇ ಇರುವುದಿಲ್ಲ, ತಂಬೂರಿಗೆ ಇರುವುದು ಒಂದೇ ‘ಸ’. ಪರದೆಯ ಹಿಂದೆ ಬಿರಡೆ ತಿರುಗಿಸುತ್ತ ಅವರು ಮೊದಲು ಒಪ್ಪಿಕೊಳ್ಳಬೇಕಾದ್ದು ಅದರ ಬಗ್ಗೆ.